ಓದುಕೂಟದಲ್ಲಿ ನೂರು ವರ್ಷಗಳ ಯುದ್ಧ: ನಡೆಸುವವರಿಗೊಂದು ಕೈಪಿಡಿ

ಮುಂಬಯಿಯ ಕನ್ನಡ ಸಂಘವೊಂದರ ಓದುಕೂಟದಲ್ಲಿ ಯುರೋಪಿನ ಇತಿಹಾಸದ ವಿಷಯವೊಂದನ್ನು ಕೈಗೆತ್ತಿಕೊಳ್ಳುವುದಾದರೆ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ 1337ರಿಂದ 1453ರವರೆಗೆ ನಡೆದ ನೂರು ವರ್ಷಗಳ ಯುದ್ಧ ಒಳ್ಳೆಯ ಆಯ್ಕೆ. ಕಾಳಗಗಳ ರೋಚಕತೆ ಅದಕ್ಕೆ ಕಾರಣವಲ್ಲ. ಕ್ರೆಸಿ, ಪ್ವಾಟಿಯೆ, ಅಜಿಂಕೂರ್ ಎಂಬ ಮೂರು ಹೆಸರಾಂತ ಕಾಳಗಗಳನ್ನು ಗೆದ್ದವರು ಇಂಗ್ಲಿಷರು. ಯುದ್ಧವನ್ನು ಸೋತವರೂ ಅವರೇ. ಇದು ಹೇಗಾಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಕತ್ತಿ, ಬಿಲ್ಲುಗಳಿಗಿಂತ ಹೆಚ್ಚಾಗಿ ಕರ, ಸಾಲ, ಸಂಬಳಗಳ ಲೆಕ್ಕವನ್ನು ನೋಡಬೇಕಾಗುತ್ತದೆ. ಹೋಟೆಲ್ ನಡೆಸಿದವರು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಹಗಲು ಕೆಲಸ ಮಾಡಿ ರಾತ್ರಿಶಾಲೆಯಲ್ಲಿ ಕಲಿತವರು ಸೇರುವ ನಮ್ಮ ಸಭೆಗಳಿಗೆ ಈ ದಾರಿ ಬೇಗ ಒಗ್ಗುತ್ತದೆ. ಆದುದರಿಂದ ‘ಇದರ ಖರ್ಚನ್ನು ಯಾರು ಕೊಟ್ಟರು?’ ಎಂಬ ಒಂದೇ ಪ್ರಶ್ನೆಯನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ ಕೈಬಿಡದೆ ಹಿಡಿದು ಕೂಟವನ್ನು ನಡೆಸಬೇಕೆಂಬುದು ಇಲ್ಲಿನ ಸಲಹೆ.

ಸಿದ್ಧತೆ

ಎರಡೆರಡು ಗಂಟೆಯ ನಾಲ್ಕು ಸಭೆಗಳು ಬೇಕು. ಒಂದೇ ಸಂಜೆಯಲ್ಲಿ ಮುಗಿಸಹೊರಟರೆ ಇಸವಿಗಳ ಪಟ್ಟಿಯೊಂದು ಉಳಿದೀತೇ ಹೊರತು ಬೇರೇನೂ ಉಳಿಯದು. ಭಾನುವಾರವನ್ನು ಆರಿಸಿಕೊಂಡರೆ, ಹಳಿ ದುರಸ್ತಿಗಾಗಿ ಲೋಕಲ್ ರೈಲುಗಳನ್ನು ತಡೆಹಿಡಿಯುವ ಮೆಗಾ ಬ್ಲಾಕ್‌ನ ಪ್ರಕಟಣೆಯನ್ನು ಮುಂಚಿತವಾಗಿಯೇ ನೋಡಿ ಸಭೆಯ ಹೊತ್ತನ್ನು ಹೊಂದಿಸಿಕೊಳ್ಳುವುದು ಲೇಸು. ವಂಶಾವಳಿಯನ್ನು ವಿವರಿಸುವುದು ಮೊದಲ ಸಭೆಯ ಮೊದಲ ಗಂಟೆಯಲ್ಲೇ. ಕಲ್ಯಾಣದ ಕಡೆಯಿಂದ ಬರುವವರಿಗೆ ಅದು ತಪ್ಪಿಹೋದರೆ ಮುಂದಿನ ಮೂರು ಸಭೆಗಳೂ ಅವರಿಗೆ ಗೊಂದಲವಾಗುತ್ತವೆ.

ಗೋಡೆಗೆ ತೂಗುಹಾಕಲು ಒಂದು ದೊಡ್ಡ ನಕ್ಷೆಯನ್ನು ಕೈಯಿಂದಲೇ ಬರೆದುಕೊಳ್ಳಬೇಕು. ಅಚ್ಚಾದ ನಕ್ಷೆಗಳಲ್ಲಿ ಇಂದಿನ ಗಡಿಗಳಿರುತ್ತವೆ, ಮತ್ತು ಅವೇ ತಪ್ಪು ತಿಳಿವಳಿಕೆಗೆ ದಾರಿ ಮಾಡಿಕೊಡುತ್ತವೆ. ನಕ್ಷೆಯಲ್ಲಿ ಲಂಡನ್, ಕ್ಯಾಲೆ, ಪ್ಯಾರಿಸ್, ರುವಾನ್, ರ್‍ಯಾನ್ಸ್, ಲ್ವಾರ್ ನದಿಯ ದಂಡೆಯ ಓರ್ಲಿಯಾನ್, ನೈರುತ್ಯದಲ್ಲಿ ಬೋರ್ಡೋ ಇಷ್ಟನ್ನು ಗುರುತಿಸಿದರೆ ಸಾಕು. ಡೋವರ್‌ನಿಂದ ಕ್ಯಾಲೆಗೆ ಸಮುದ್ರದ ಅಗಲ ಸುಮಾರು 33 ಕಿಲೋಮೀಟರ್, ಅಂದರೆ ಮುಂಬಯಿಯ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಠಾಣೆಗೆ ಇರುವಷ್ಟೇ ದೂರ. ಇದನ್ನು ಹೇಳಿದೊಡನೆ, ಕ್ಯಾಲೆಯನ್ನು ಹಿಡಿದುಕೊಳ್ಳಲು ಇಂಗ್ಲಿಷರು ಹನ್ನೊಂದು ತಿಂಗಳು ಏಕೆ ಮುತ್ತಿಗೆ ಹಾಕಿ ಕುಳಿತರು ಎಂಬುದು ಸಭೆಗೆ ತಾನಾಗಿಯೇ ಹೊಳೆಯುತ್ತದೆ.

ಹೆಸರುಗಳ ಒಂದು ಹಾಳೆಯನ್ನು ಪ್ರತಿಯೊಬ್ಬರ ಕೈಗೂ ಕೊಡಬೇಕು. ಈ ಯುದ್ಧದಲ್ಲಿ ಫ್ರಾನ್ಸಿನ ನಾಲ್ವರು ಚಾರ್ಲ್ಸ್‌ಗಳೂ ಇಂಗ್ಲೆಂಡಿನ ಮೂವರು ಹೆನ್ರಿಗಳೂ ಬರುತ್ತಾರೆ. ಜಾನ್‌ಗಳನ್ನಂತೂ ಎಣಿಸುವುದೇ ಬೇಡ. ಹೆಸರಿನ ಮುಂದೆ ಸಂಖ್ಯೆ, ಅದರ ಮುಂದೆ ಆಳ್ವಿಕೆಯ ಇಸವಿ, ಅದರ ಮುಂದೆ ಒಂದೇ ಸಾಲಿನ ಗುರುತು ಇರಲಿ: ‘ಆರನೆಯ ಚಾರ್ಲ್ಸ್, 1380–1422, ಬುದ್ಧಿಭ್ರಮಣೆಗೆ ಒಳಗಾದ ದೊರೆ’ ಎಂಬಂತೆ. ಕಾಲವನ್ನು ಮನಸ್ಸಿನಲ್ಲಿ ನಿಲ್ಲಿಸಲು ಹಾಳೆಯ ಅಂಚಿನಲ್ಲಿ ನಮ್ಮ ಕಡೆಯ ಎರಡು ಇಸವಿಗಳನ್ನೂ ಬರೆಯಬಹುದು. ಸಂಪ್ರದಾಯದಂತೆ ವಿಜಯನಗರದ ಸ್ಥಾಪನೆಯ ಇಸವಿ 1336, ಯುದ್ಧ ಆರಂಭವಾಗುವುದಕ್ಕೆ ಒಂದು ವರ್ಷ ಮುಂಚೆ; ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ, ಕ್ಯಾಲೆ ಇಂಗ್ಲಿಷರಿಗೆ ಶರಣಾದ ವರ್ಷದಲ್ಲೇ.

ಮೊದಲ ಸಭೆ: ಗ್ಯಾಸ್ಕನಿಯಿಂದ ಆರಂಭಿಸಬೇಕು, ಕ್ರೆಸಿಯಿಂದಲ್ಲ

ಇಡೀ ಸರಣಿಯಲ್ಲಿ ಹೆಚ್ಚು ಶ್ರಮ ಬೇಡುವ ಸಭೆ ಇದು. ‘ಇಂಗ್ಲೆಂಡ್’, ‘ಫ್ರಾನ್ಸ್’ ಎಂಬ ಎರಡು ದೇಶಗಳು ಎದುರುಬದುರಾಗಿ ನಿಂತಿದ್ದವು ಎಂಬ ಕಲ್ಪನೆಯನ್ನು ಮೊದಲು ಸಡಿಲಿಸಬೇಕು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ಫ್ರಾನ್ಸಿನ ದೊರೆಗೆ ಸಾಮಂತನಾಗಿದ್ದ ನಾರ್ಮಂಡಿಯ ಡ್ಯೂಕ್. 1152ರಲ್ಲಿ ಅಕ್ವಿಟೇನಿನ ಒಡತಿ ಎಲಿನಾರ್ ಹೆನ್ರಿಯನ್ನು ಮದುವೆಯಾದಳು. ಎರಡು ವರ್ಷಗಳಲ್ಲಿ ಅವನು ಇಂಗ್ಲೆಂಡಿನ ಎರಡನೆಯ ಹೆನ್ರಿಯಾದಾಗ ಫ್ರಾನ್ಸಿನ ಪಶ್ಚಿಮದ ಬಹುಭಾಗ ಇಂಗ್ಲಿಷ್ ದೊರೆಯ ಕೈಯಲ್ಲಿತ್ತು. ಮದುವೆಯೊಂದಿಗೆ ನಾಡು ಕೈಬದಲಾಗುವುದು ಕೇಳುಗರಿಗೆ ವಿಚಿತ್ರವೆನಿಸಿದರೆ ದೂರದ ಉದಾಹರಣೆ ಬೇಕಿಲ್ಲ. ನಾವು ಕುಳಿತಿರುವ ಮುಂಬಯಿಯೇ 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರಿನ್‌ಳ ವರದಕ್ಷಿಣೆಯಾಗಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸನ ಪಾಲಿಗೆ ಬಂದದ್ದು.

ನಾರ್ಮಂಡಿ 1204ರಲ್ಲಿ ಕೈತಪ್ಪಿತು. ಉಳಿದದ್ದು ಮುಖ್ಯವಾಗಿ ಬೋರ್ಡೋದ ಸುತ್ತಲಿನ ಗ್ಯಾಸ್ಕನಿ, ದ್ರಾಕ್ಷಾರಸದ ನಾಡು. 1259ರ ಪ್ಯಾರಿಸ್ ಒಪ್ಪಂದದ ಪ್ರಕಾರ ಇಂಗ್ಲೆಂಡಿನ ದೊರೆ ಈ ನಾಡನ್ನು ಫ್ರಾನ್ಸಿನ ದೊರೆಯ ಸಾಮಂತನಾಗಿ ಅನುಭವಿಸಬೇಕಾಯಿತು. ಇಲ್ಲಿ ನಿಂತು, ಸಭೆಗೆ ಈ ಸಂಬಂಧದ ತೊಡಕನ್ನು ಬಿಡಿಸಿ ಹೇಳಬೇಕು. ತನ್ನ ನಾಡಿನಲ್ಲಿ ಯಾರಿಗೂ ತಲೆಬಾಗದ ದೊರೆಯೊಬ್ಬ ಇನ್ನೊಬ್ಬ ದೊರೆಯ ಮುಂದೆ ಕೈಜೋಡಿಸಿ ನಿಷ್ಠೆ ಒಪ್ಪಿಸಬೇಕು. ಅದಕ್ಕಿಂತ ಕಷ್ಟದ ಮಾತೆಂದರೆ, ಗ್ಯಾಸ್ಕನಿಯಲ್ಲಿ ಅವನು ಕೊಟ್ಟ ತೀರ್ಪು ಒಪ್ಪಿಗೆಯಾಗದ ಯಾವ ಪ್ರಜೆಯೂ ಪ್ಯಾರಿಸ್ಸಿನ ನ್ಯಾಯಾಲಯಕ್ಕೆ ಮೇಲ್ಮನವಿ ಒಯ್ಯಬಹುದಿತ್ತು, ಮತ್ತು ಅಂಥ ಪ್ರತಿಯೊಂದು ಮನವಿಯೂ ಫ್ರಾನ್ಸಿನ ಅಧಿಕಾರಿಗಳಿಗೆ ಗ್ಯಾಸ್ಕನಿಯೊಳಗೆ ಕಾಲಿಡಲು ಒಂದು ಬಾಗಿಲಾಗಿತ್ತು. 1294ರಲ್ಲೂ 1324ರಲ್ಲೂ ಫ್ರಾನ್ಸ್ ಈ ನಾಡನ್ನು ಮುಟ್ಟುಗೋಲು ಹಾಕಿಕೊಂಡಿತ್ತು. 1337ರ ಮೇ ತಿಂಗಳಲ್ಲಿ ಆರನೆಯ ಫಿಲಿಪ್ ಅದನ್ನೇ ಮತ್ತೆ ಮಾಡಿದಾಗ ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ಯುದ್ಧಕ್ಕೆ ಹೊರಟ. ಸಿಂಹಾಸನದ ಮಾತು ಬರುವುದು ಇದಾದ ಮೇಲೆ.

ಈಗ ವಂಶಾವಳಿಯನ್ನು ಬಿಡಿಸಬಹುದು. ನಾಲ್ಕನೆಯ ಫಿಲಿಪ್ 1314ರಲ್ಲಿ ತೀರಿಕೊಂಡ. ಅವನ ಮೂವರು ಗಂಡುಮಕ್ಕಳು ಒಬ್ಬರ ಹಿಂದೊಬ್ಬರು ದೊರೆಗಳಾಗಿ, ಬದುಕುಳಿದ ಗಂಡುಸಂತಾನವಿಲ್ಲದೆ ತೀರಿಹೋದರು. ಕೊನೆಯವನಾದ ನಾಲ್ಕನೆಯ ಚಾರ್ಲ್ಸ್ ಸತ್ತದ್ದು 1328ರ ಫೆಬ್ರುವರಿಯಲ್ಲಿ. ಆಗ ಉಳಿದ ಹಕ್ಕುದಾರರಲ್ಲಿ ಮುಖ್ಯರು ಇಬ್ಬರು. ಒಬ್ಬ ನಾಲ್ಕನೆಯ ಫಿಲಿಪ್‌ನ ಮಗಳು ಇಸಬೆಲಾಳ ಮಗ, ಅಂದರೆ ಮೊಮ್ಮಗ, ಇಂಗ್ಲೆಂಡಿನ ಎಡ್ವರ್ಡ್. ಇನ್ನೊಬ್ಬ ಅದೇ ಫಿಲಿಪ್‌ನ ತಮ್ಮನ ಮಗನಾದ ವಾಲ್ವಾದ ಫಿಲಿಪ್. ಫ್ರಾನ್ಸಿನ ಶ್ರೀಮಂತರು ಎರಡನೆಯವನನ್ನು ಆರಿಸಿದರು; ಮೇಲೆ ಹೇಳಿದ ಆರನೆಯ ಫಿಲಿಪ್ ಇವನೇ. ಅಳಿಯಕಟ್ಟಿನ ಪರಿಚಯವಿರುವ ಕರಾವಳಿಯ ಸದಸ್ಯರು ಇಲ್ಲಿ ಖಂಡಿತ ಬಾಯಿ ಹಾಕುತ್ತಾರೆ. ಹಾಕಲಿ, ಹತ್ತು ನಿಮಿಷ ಚರ್ಚೆ ನಡೆಯಲಿ. ಆದರೆ ‘ಹೆಣ್ಣಿನ ಮೂಲಕ ಹಕ್ಕು ಬಾರದೆಂಬ ಸ್ಯಾಲಿಕ್ ಕಾನೂನಿನಿಂದ ಎಡ್ವರ್ಡ್ ಸೋತ’ ಎಂದು ಯಾರಾದರೂ ಓದಿ ಬಂದಿದ್ದರೆ ತಿದ್ದಬೇಕು. ಆ ಹಳೆಯ ಕಾನೂನನ್ನು ಹುಡುಕಿ ತೆಗೆದು ವಾದಕ್ಕೆ ಬಳಸಿದ್ದು ನಂತರದ ಕಾಲದಲ್ಲಿ. 1328ರಲ್ಲಿ ಎಡ್ವರ್ಡ್ ಹದಿನೈದು ವರ್ಷದ ಹುಡುಗ, ಹೊರಗಿನವನು, ತಾಯಿಯ ಹಿಡಿತದಲ್ಲಿದ್ದವನು. ಶ್ರೀಮಂತರಿಗೆ ಅಷ್ಟೇ ಸಾಕಿತ್ತು. ಮರುವರ್ಷ ಅವನು ಆಮ್ಯಾನಿಗೆ ಹೋಗಿ ಫಿಲಿಪ್‌ಗೆ ನಿಷ್ಠೆಯನ್ನೂ ಒಪ್ಪಿಸಿ ಬಂದ.

ಅವನು ‘ಫ್ರಾನ್ಸಿನ ದೊರೆ’ ಎಂಬ ಬಿರುದನ್ನು ಬಹಿರಂಗವಾಗಿ ಧರಿಸಿದ್ದು 1340ರ ಜನವರಿಯಲ್ಲಿ, ಘೆಂಟ್ ಪಟ್ಟಣದಲ್ಲಿ. ಘೆಂಟ್ ಸೇರಿದ ಫ್ಲಾಂಡರ್ಸಿನ (ಬಹುಪಾಲು ಇಂದಿನ ಬೆಲ್ಜಿಯಂನಲ್ಲಿರುವ ನಾಡು) ನೇಕಾರ ಪಟ್ಟಣಗಳು ಇಂಗ್ಲೆಂಡಿನ ಉಣ್ಣೆಯಿಂದ ಬದುಕುತ್ತಿದ್ದವು, ಆದರೆ ಅವರ ಒಡೆಯ ಫ್ರಾನ್ಸಿನ ದೊರೆ. ಎಡ್ವರ್ಡನೇ ಫ್ರಾನ್ಸಿನ ದೊರೆಯಾದರೆ ಅವನ ಪಕ್ಷ ಸೇರುವುದು ದ್ರೋಹವಾಗುವುದಿಲ್ಲವಲ್ಲ! ಬಿರುದಿನ ಹಿಂದಿನ ಈ ವ್ಯವಹಾರಬುದ್ಧಿಯನ್ನು ಸಭೆಗೆ ತಪ್ಪದೆ ತೋರಿಸಬೇಕು. ಒಮ್ಮೆ ಧರಿಸಿದ ಬಿರುದನ್ನು, ಕೆಲವು ವರ್ಷಗಳ ವಿರಾಮ ಬಿಟ್ಟರೆ, ಇಂಗ್ಲೆಂಡಿನ ದೊರೆಗಳು 1801ರವರೆಗೂ ಬಿಡಲಿಲ್ಲ. ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಮುಂಬಯಿಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ವಹಿಸಿಕೊಟ್ಟ 1668ರ ಸನ್ನದಿನ ಕಾಲದಲ್ಲೂ ಎರಡನೆಯ ಚಾರ್ಲ್ಸ್ ತನ್ನನ್ನು ಇಂಗ್ಲೆಂಡ್, ಸ್ಕಾಟ್ಲೆಂಡ್, ಫ್ರಾನ್ಸ್, ಐರ್ಲೆಂಡ್‌ಗಳ ದೊರೆಯೆಂದೇ ಕರೆದುಕೊಳ್ಳುತ್ತಿದ್ದ. ಅಷ್ಟು ಹೊತ್ತಿಗೆ ಫ್ರಾನ್ಸಿನ ನೆಲದಲ್ಲಿ ಆ ಬಿರುದಿಗೆ ಆಧಾರವಾಗಿ ಏನೂ ಉಳಿದಿರಲಿಲ್ಲ.

ಎರಡನೆಯ ಸಭೆ: ಸಂಬಳದ ಸೈನ್ಯ

ಈ ಸಭೆಯನ್ನು ಒಂದು ಚಿಕ್ಕ ಪ್ರಯೋಗದಿಂದ ಆರಂಭಿಸಿದರೆ ಫಲ ಹೆಚ್ಚು. ಉದ್ದನೆಯ ಹಾಳೆಯೊಂದರ ಮೇಲ್ಭಾಗದಲ್ಲಿ ಒಂದು ಕರಾರನ್ನು ಬರೆಯಬೇಕು: ಇಂಥ ನಾಯಕನು ಇಷ್ಟು ಕವಚಧಾರಿಗಳನ್ನೂ ಇಷ್ಟು ಬಿಲ್ಲುಗಾರರನ್ನೂ ಇಷ್ಟು ತಿಂಗಳಿಗೆ ಒದಗಿಸತಕ್ಕದ್ದು, ದೊರೆಯು ಇಂತಿಷ್ಟು ದಿನಗೂಲಿ ಕೊಡತಕ್ಕದ್ದು. ಅದೇ ಮಾತನ್ನು ಹಾಳೆಯ ಕೆಳಭಾಗದಲ್ಲೂ ಅಕ್ಷರ ಬಿಡದೆ ಬರೆದು, ಎರಡರ ನಡುವೆ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಕತ್ತರಿಸಿ, ಒಂದು ತುಂಡನ್ನು ‘ದೊರೆ’ಯ ಕೈಗೂ ಇನ್ನೊಂದನ್ನು ‘ನಾಯಕ’ನ ಕೈಗೂ ಕೊಡಬೇಕು. ಸುಳ್ಳು ಪತ್ರ ತಂದವನ ಹಲ್ಲುಗಳು ಹೊಂದುವುದಿಲ್ಲ. ಇಂಗ್ಲೆಂಡಿನ ದೊರೆಗಳು ಈ ಯುದ್ಧಕ್ಕೆ ಸೈನ್ಯ ಕೂಡಿಸಿದ್ದು ಬಹುಮಟ್ಟಿಗೆ ಇಂಥ ಕರಾರುಗಳಿಂದ. ಕವಚಧಾರಿ ಕುದುರೆ ಸವಾರನಿಗೆ ದಿನಕ್ಕೆ 12 ಪೆನ್ಸ್, ಕುದುರೆಯುಳ್ಳ ಬಿಲ್ಲುಗಾರನಿಗೆ 6, ಕಾಲಾಳು ಬಿಲ್ಲುಗಾರನಿಗೆ 3 ಎಂಬುದು ರೂಢಿಯ ದರ. ಸಂಬಳದ ಈ ಲೆಕ್ಕಪತ್ರಗಳು ಇಂದಿಗೂ ಉಳಿದಿರುವುದರಿಂದ, ಸೈನ್ಯದ ಸಂಖ್ಯೆಯನ್ನು ತಿಳಿಯಲು ವೃತ್ತಾಂತಕಾರರ ಮಾತಿಗಿಂತ ಇವೇ ನಂಬಲರ್ಹ. ವೃತ್ತಾಂತಕಾರರು ಶತ್ರುಸೈನ್ಯವನ್ನು ಲಕ್ಷದ ಲೆಕ್ಕದಲ್ಲಿ ಹೇಳುವುದು ಸಾಮಾನ್ಯ. ಅಂಥ ಅಂಕಿಯನ್ನು ಸಭೆಯಲ್ಲಿ ಉಚ್ಚರಿಸುವಾಗ ಯಾರ ಮಾತೆಂದು ಜೊತೆಗೇ ಹೇಳಬೇಕು. ಕ್ರೆಸಿಯ ಕಾಳಗವನ್ನು ಸೊಗಸಾಗಿ ಬಣ್ಣಿಸಿದ ಫ್ರ್ವಾಸಾರ್ ಆ ದಿನ ಹತ್ತು ವರ್ಷದ ಆಸುಪಾಸಿನ ಬಾಲಕ, ಅವನು ಬರೆದದ್ದೆಲ್ಲ ಕೇಳಿದ್ದು ಮತ್ತು ಓದಿದ್ದು.

ಹಣ ಎಲ್ಲಿಂದ ಬಂತು? ಉಣ್ಣೆಯ ಪ್ರತಿ ಮೂಟೆಯ ರಫ್ತಿಗೆ ಎಡ್ವರ್ಡ್ 40 ಷಿಲಿಂಗ್‌ವರೆಗೆ ಸುಂಕ ಹೇರಿದ. ಪಾರ್ಲಿಮೆಂಟಿನಿಂದ ಕರ ಕೇಳಿದ. ಫ್ಲಾರೆನ್ಸಿನ ಬಾರ್ದಿ ಮತ್ತು ಪೆರುತ್ಸಿ ಎಂಬ ಲೇವಾದೇವಿ ಮನೆತನಗಳಿಂದ ಭಾರಿ ಸಾಲವೆತ್ತಿದ. 1340ರ ದಶಕದಲ್ಲಿ ಆ ಎರಡೂ ಮನೆತನಗಳು ದಿವಾಳಿಯಾದವು, ಎಡ್ವರ್ಡನ ಬಾಕಿ ಅದಕ್ಕೊಂದು ಕಾರಣ. ನಿವೃತ್ತ ಬ್ಯಾಂಕ್ ಅಧಿಕಾರಿಗಳು ಸಭೆಯಲ್ಲಿದ್ದರೆ ಈ ಭಾಗವನ್ನು ಅವರಿಗೇ ಒಪ್ಪಿಸುವುದು ಉತ್ತಮ. ದೊರೆಗೆ ಕೊಟ್ಟ ಸಾಲವನ್ನು ವಸೂಲು ಮಾಡುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ಅವರಷ್ಟು ಮನಮುಟ್ಟುವಂತೆ ಬೇರೆ ಯಾರೂ ಎತ್ತಲಾರರು.

1346ರ ಆಗಸ್ಟ್ 26ರ ಕ್ರೆಸಿ ಕಾಳಗಕ್ಕೆ ಅರ್ಧ ಗಂಟೆ ಮೀಸಲಿಡಬಹುದು. ಅದನ್ನು ‘ಬಿಲ್ಲು ಕುದುರೆಯನ್ನು ಗೆದ್ದಿತು’ ಎಂಬ ಒಂದು ಸಾಲಿಗೆ ಇಳಿಸಬಾರದು. ಇಂಗ್ಲಿಷರು ಇಳಿಜಾರಿನ ಮೇಲೆ ಜಾಗ ಆರಿಸಿಕೊಂಡು ಕಾಯುತ್ತಿದ್ದರು. ಫ್ರೆಂಚರು ಸಂಜೆಯ ಹೊತ್ತಿಗೆ ದಣಿದು ಬಂದು, ಮರುದಿನದವರೆಗೆ ತಡೆಯದೆ ನುಗ್ಗಿದರು. ಅವರು ಕೂಲಿಗೆ ಕರೆತಂದ ಜಿನೋವಾದ ಅಡ್ಡಬಿಲ್ಲುಗಾರರ ದೊಡ್ಡ ಗುರಾಣಿಗಳು ಹಿಂದಿನ ಗಾಡಿಗಳಲ್ಲೇ ಉಳಿದಿದ್ದವು. ಬಾಣಗಳ ಹೊಡೆತಕ್ಕೆ ಹಿಂದೆ ಸರಿದ ಆ ಕೂಲಿಗಳನ್ನು ಫ್ರೆಂಚ್ ಸವಾರರೇ ತುಳಿದುಕೊಂಡು ಮುಂದೆ ಬಂದರು. ಇಂಗ್ಲಿಷರ ಉದ್ದಬಿಲ್ಲನ್ನು ಎಳೆಯಲು ಬಾಲ್ಯದಿಂದಲೇ ಸಾಧನೆ ಬೇಕಿತ್ತು. ಹಬ್ಬ, ರಜಾದಿನಗಳಲ್ಲಿ ಬಿಲ್ವಿದ್ಯೆಯನ್ನೇ ಅಭ್ಯಾಸ ಮಾಡಬೇಕೆಂದು 1363ರಲ್ಲಿ ರಾಜಾಜ್ಞೆಯೇ ಹೊರಟಿತು. ಆ ಬಿಲ್ಲಿಗೆ ಅಷ್ಟು ವರ್ಷಗಳ ತಯಾರಿ ಬೇಕೆಂಬುದರಿಂದಲೇ ಬೇರೆಯವರು ಅದನ್ನು ಸುಲಭವಾಗಿ ನಕಲು ಮಾಡಲಾಗಲಿಲ್ಲ.

ಕ್ಯಾಲೆ 1347ರಲ್ಲಿ ಬಿತ್ತು. ಮರುವರ್ಷ ಮಹಾಮಾರಿ ಪ್ಲೇಗ್ ಎರಡೂ ನಾಡುಗಳನ್ನು ಹೊಕ್ಕಿತು. ಪ್ಲೇಗಿನ ಕಥೆಗೆ ಹೊರಟರೆ ಸಭೆ ಅದರಲ್ಲೇ ಮುಳುಗಿಹೋಗುತ್ತದೆ. ಸತ್ತ ಜನರೊಂದಿಗೆ ಕರ ಕೊಡುವವರೂ ಕಡಿಮೆಯಾದರು ಎಂಬುದನ್ನಷ್ಟೇ ಹೇಳಿ ಮುಂದೆ ಸಾಗಬೇಕು.

ಮೂರನೆಯ ಸಭೆ: ಸೋಲಿನಿಂದ ಹುಟ್ಟಿದ ಕರ

ನೂರು ವರ್ಷಗಳ ಯುದ್ಧದ ಗುಟ್ಟು ಇರುವುದು ಇಲ್ಲಿ ಎಂದು ನನ್ನ ಎಣಿಕೆ, ಆದರೆ ಇದನ್ನೇ ಹೆಚ್ಚಿನವರು ಅವಸರದಲ್ಲಿ ದಾಟಿಬಿಡುತ್ತಾರೆ. 1356ರ ಸೆಪ್ಟೆಂಬರ್ 19ರಂದು ಪ್ವಾಟಿಯೆಯಲ್ಲಿ ಎಡ್ವರ್ಡನ ಮಗ, ಮುಂದೆ ‘ಕಪ್ಪು ರಾಜಕುಮಾರ’ನೆಂದು ಹೆಸರಾದವನು, ಫ್ರಾನ್ಸಿನ ದೊರೆ ಎರಡನೆಯ ಜಾನ್‌ನನ್ನೇ ಸೆರೆಹಿಡಿದ. ಅವನ ಬಿಡುಗಡೆಗೆ 1360ರಲ್ಲಿ ನಿಗದಿಯಾದ ಮೊತ್ತ ಮೂವತ್ತು ಲಕ್ಷ ಚಿನ್ನದ ಎಕ್ಯೂ ನಾಣ್ಯಗಳು. ಅದರೊಂದಿಗೆ ನೈರುತ್ಯದ ಬಹುದೊಡ್ಡ ನಾಡೂ ಎಡ್ವರ್ಡನಿಗೆ ಸೇರಬೇಕಾಯಿತು. ಮೇಲುನೋಟಕ್ಕೆ ಇದು ಫ್ರಾನ್ಸಿನ ಸಂಪೂರ್ಣ ಸೋಲು.

ಆದರೆ ದೊರೆಯನ್ನು ಬಿಡಿಸಿಕೊಳ್ಳುವ ಹೆಸರಿನಲ್ಲಿ ಫ್ರಾನ್ಸ್ ಸರಕುಗಳ ಮೇಲೂ ದ್ರಾಕ್ಷಾರಸದ ಮೇಲೂ ಉಪ್ಪಿನ ಮೇಲೂ ಕರ ಎತ್ತಲಾರಂಭಿಸಿತು. ಫ್ರಾಂಕ್ ಎಂಬ ಚಿನ್ನದ ನಾಣ್ಯ ಮೊದಲು ಅಚ್ಚಾದದ್ದೂ ಆ ವರ್ಷವೇ. ದೊರೆ ಹಿಂತಿರುಗಿದ ಮೇಲೂ ಕರ ನಿಲ್ಲಲಿಲ್ಲ. ಒತ್ತೆಯಾಳಾಗಿದ್ದ ಮಗ ತಪ್ಪಿಸಿಕೊಂಡದ್ದರಿಂದ ಮಾತಿಗೆ ಕಟ್ಟುಬಿದ್ದ ಜಾನ್ ತಾನೇ ಲಂಡನ್ನಿಗೆ ಮರಳಿ 1364ರಲ್ಲಿ ಅಲ್ಲೇ ತೀರಿಕೊಂಡ. ಬಿಡುಗಡೆಯ ಹಣ ಪೂರ್ತಿ ಸಂದಾಯವಾಗಲೇ ಇಲ್ಲ. ಕರ ಮಾತ್ರ ಮುಂದುವರಿಯಿತು. ಉಪ್ಪಿನ ಕರ ಜನಸಾಮಾನ್ಯರಿಗೆ ಏನು ಮಾಡುತ್ತದೆಂಬುದನ್ನು ನಮ್ಮ ಸಭಿಕರಿಗೆ ವಿವರಿಸಬೇಕಾಗಿಲ್ಲ.

ಈ ಹಣದ ಬೆಂಬಲದಿಂದ ಜಾನ್‌ನ ಮಗ ಐದನೆಯ ಚಾರ್ಲ್ಸ್ ಮತ್ತು ಅವನ ದಂಡನಾಯಕ ಬೆರ್ಟ್ರಾನ್ ದ್ಯು ಗೆಕ್ಲಾನ್ 1369ರಿಂದ ಮುಂದೆ ಒಂದು ಹೊಸ ಪಟ್ಟು ಹಿಡಿದರು: ಬಯಲಿನ ಕಾಳಗವನ್ನು ಕೊಡಲೇಬಾರದು. ಇಂಗ್ಲಿಷ್ ದಂಡು ಬಂದರೆ ಕೋಟೆಯ ಬಾಗಿಲು ಮುಚ್ಚುವುದು, ಅದು ಹಸಿದು ಸೊರಗಿ ಹೋದ ಮೇಲೆ ಪಟ್ಟಣಗಳನ್ನು ಒಂದೊಂದಾಗಿ ಹಿಂದೆ ಪಡೆಯುವುದು. ಇದಕ್ಕೆ ತೆತ್ತ ಬೆಲೆಯನ್ನೂ ಸಭೆಯಲ್ಲಿ ಹೇಳಬೇಕು. ಕೋಟೆಯ ಹೊರಗಿನ ಹಳ್ಳಿಗಳಿಗೆ ಯಾವ ರಕ್ಷಣೆಯೂ ಇರಲಿಲ್ಲ. 1355ರಲ್ಲಿ ಕಪ್ಪು ರಾಜಕುಮಾರ ಬೋರ್ಡೋದಿಂದ ಮೆಡಿಟರೇನಿಯನ್ ಸಮುದ್ರದ ಬಳಿಯ ನಾರ್ಬೋನ್‌ವರೆಗೆ ಸುಡುತ್ತಾ, ದೋಚುತ್ತಾ ಹೋಗಿ ಬಂದಿದ್ದ. ಒಪ್ಪಂದವಾದಾಗ ಸಂಬಳ ನಿಂತ ಸೈನಿಕರು ಗುಂಪು ಕಟ್ಟಿಕೊಂಡು ಹಳ್ಳಿಗಳನ್ನು ಸುಲಿದರು. ರೈತರಿಗೆ ಶಾಂತಿಯ ಕಾಲವೂ ಒಂದೇ, ಯುದ್ಧದ ಕಾಲವೂ ಒಂದೇ. 1358ರಲ್ಲಿ ಪ್ಯಾರಿಸ್ಸಿನ ಉತ್ತರದ ರೈತರು ದಂಗೆಯೆದ್ದು ಕ್ರೂರವಾಗಿ ದಮನಗೊಂಡರು. ಇಂಗ್ಲೆಂಡಿನಲ್ಲೂ ತಲೆಗಂದಾಯದ ವಿರುದ್ಧ 1381ರಲ್ಲಿ ಜನ ಲಂಡನ್ನಿಗೇ ನುಗ್ಗಿದರು. ಈ ಎರಡು ದಂಗೆಗಳನ್ನು ಅಕ್ಕಪಕ್ಕದಲ್ಲಿಟ್ಟು ಚರ್ಚೆ ನಡೆಸಿದರೆ ಸಭೆಯ ಅತ್ಯುತ್ತಮ ಅರ್ಧ ಗಂಟೆ ಅದಾಗಬಹುದು.

ಆಮೇಲಿನ ಮೂವತ್ತು ವರ್ಷಗಳಿಗೆ ಹತ್ತು ನಿಮಿಷ ಸಾಕು. 1396ರಲ್ಲಿ 28 ವರ್ಷಗಳ ಕದನವಿರಾಮವಾಯಿತು, 1399ರಲ್ಲಿ ಇಂಗ್ಲೆಂಡಿನ ಎರಡನೆಯ ರಿಚರ್ಡ್ ಪದಚ್ಯುತನಾದ, ಮತ್ತು ಇತ್ತ ಫ್ರಾನ್ಸಿನ ಆರನೆಯ ಚಾರ್ಲ್ಸನಿಗೆ 1392ರಿಂದ ಆಗಾಗ ಬುದ್ಧಿ ಕೆಡುತ್ತಿತ್ತು.

ನಾಲ್ಕನೆಯ ಸಭೆ: ಅಜಿಂಕೂರ್‌ನಿಂದ ಬೋರ್ಡೋವರೆಗೆ

ಹುಚ್ಚು ದೊರೆಯ ಹೆಸರಿನಲ್ಲಿ ಬೊಕ್ಕಸ ಯಾರ ಕೈಯಲ್ಲಿರಬೇಕೆಂಬ ಜಗಳದಿಂದ ಈ ಸಭೆ ಆರಂಭವಾಗಬೇಕು. 1407ರಲ್ಲಿ ಫ್ರಾನ್ಸಿನ ಪೂರ್ವಭಾಗದ ಬರ್ಗಂಡಿಯ ಡ್ಯೂಕ್ ಜಾನ್, ದೊರೆಯ ತಮ್ಮನಾದ ಓರ್ಲಿಯಾನಿನ ಲೂಯಿಯನ್ನು ಪ್ಯಾರಿಸ್ಸಿನ ಬೀದಿಯಲ್ಲಿ ಕೊಲ್ಲಿಸಿದ. ಫ್ರಾನ್ಸ್ ಎರಡು ಬಣಗಳಾಗಿ ಒಡೆಯಿತು. ಇಂಗ್ಲೆಂಡಿನ ಐದನೆಯ ಹೆನ್ರಿ 1415ರಲ್ಲಿ ಬಂದಿಳಿದದ್ದು ಈ ಬಿರುಕಿನೊಳಗೆ. ಅದೂ ನಾಯಕರಿಗೆ ಸಂಬಳದ ಭರವಸೆಯಾಗಿ ತನ್ನ ಅರಮನೆಯ ಒಡವೆಗಳನ್ನೇ ಒತ್ತೆಯಿಟ್ಟು.

ಆ ವರ್ಷದ ಅಕ್ಟೋಬರ್ 25ರ ಅಜಿಂಕೂರ್ ಬಗ್ಗೆ ನಾಟಕ, ಸಿನಿಮಾ ನೋಡಿದವರು ಸಾಕಷ್ಟು ಜನ ಇರುತ್ತಾರೆ. ಅವರಿಗೆ ನೆಲವನ್ನು ತೋರಿಸಬೇಕು: ಎರಡು ಕಾಡುಗಳ ನಡುವಿನ ಇಕ್ಕಟ್ಟಾದ, ಹೊಸದಾಗಿ ಉತ್ತ ಹೊಲ, ಹಿಂದಿನ ರಾತ್ರಿಯೆಲ್ಲ ಮಳೆ. ಸುಮಾರು 20ರಿಂದ 25 ಕಿಲೋ ತೂಕದ ಉಕ್ಕಿನ ಕವಚ ತೊಟ್ಟವರು ಆ ಕೆಸರಿನಲ್ಲಿ, ಎದುರಿನಿಂದ ಬಾಣಗಳು ಬರುತ್ತಿರುವಾಗ, ಹಿಂದಿನವರ ನೂಕಿನಲ್ಲಿ ನಡೆದುಬಂದರು. ಬಿದ್ದವನು ಏಳಲು ಜಾಗವಿರಲಿಲ್ಲ. ಗೆಲುವು ಖಚಿತವಾದ ಹೊತ್ತಿನಲ್ಲಿ ಮತ್ತೊಂದು ದಾಳಿಯಾದೀತೆಂಬ ಭಯದಿಂದ ಹೆನ್ರಿ ಸೆರೆಯಾಳುಗಳನ್ನು ಕೊಲ್ಲಲು ಅಪ್ಪಣೆ ಕೊಟ್ಟನೆಂಬುದನ್ನು ಮುಚ್ಚಿಡಬಾರದು. ಬದುಕುಳಿದ ಸೆರೆಯಾಳುಗಳಲ್ಲಿ ಕೊಲೆಯಾದ ಲೂಯಿಯ ಮಗ ಚಾರ್ಲ್ಸ್ ಒಬ್ಬ. ಇಂಗ್ಲೆಂಡಿನಲ್ಲಿ 25 ವರ್ಷ ಸೆರೆಯಲ್ಲಿದ್ದು ಅವನು ಕವಿಯಾದ.

1419ರಲ್ಲಿ ಬರ್ಗಂಡಿಯ ಜಾನ್ ಕೂಡ ಸಂಧಾನಕ್ಕೆ ಬಂದ ಸೇತುವೆಯ ಮೇಲೆ ಕೊಲೆಯಾದ. ಅವನ ಮಗ ಇಂಗ್ಲಿಷರ ಪಕ್ಷ ಸೇರಿದ. 1420ರ ಟ್ರ್ವಾ ಒಪ್ಪಂದದಲ್ಲಿ ಹೆನ್ರಿ ದೊರೆಯ ಮಗಳನ್ನು ಮದುವೆಯಾಗಿ ಫ್ರಾನ್ಸಿನ ವಾರಸುದಾರನಾದ. ಆದರೆ 1422ರಲ್ಲಿ ಹುಚ್ಚು ಮಾವನಿಗಿಂತ ಎರಡು ತಿಂಗಳು ಕೂಡ ಅಂತರವಿಲ್ಲದೆ ಅಳಿಯನೇ ಮೊದಲು ಸತ್ತ. ಎರಡು ಸಿಂಹಾಸನಗಳು ಅವನ ಒಂಬತ್ತು ತಿಂಗಳ ಕೂಸು ಆರನೆಯ ಹೆನ್ರಿಯ ಪಾಲಾದವು.

ಜೋನ್ ಆಫ್ ಆರ್ಕ್‌ಳನ್ನು ಪರಿಚಯಿಸುವಾಗ ‘ಫ್ರಾನ್ಸಿನ ಕಿತ್ತೂರು ಚೆನ್ನಮ್ಮ’ ಎಂದೋ ‘ಅಬ್ಬಕ್ಕ’ ಎಂದೋ ಯಾರಾದರೂ ಹೇಳುವುದು ಖಚಿತ. ಹೋಲಿಕೆಯನ್ನು ಮೃದುವಾಗಿ ಬದಿಗಿಡಬೇಕು: ಅವರಿಬ್ಬರೂ ತಮ್ಮ ನಾಡನ್ನು ಆಳಿದ ರಾಣಿಯರು, ಇವಳು ಅಧಿಕಾರವಾಗಲಿ ಅಕ್ಷರವಾಗಲಿ ಇಲ್ಲದ, ಹದಿನೇಳರ ಆಸುಪಾಸಿನ ಹಳ್ಳಿಯ ಹುಡುಗಿ. ಅವಳು ಫ್ರೆಂಚ್ ದಂಡಿನೊಂದಿಗೆ ಬಂದ ಮೇಲೆ, 1429ರ ಮೇ 8ರಂದು ಇಂಗ್ಲಿಷರು ಓರ್ಲಿಯಾನಿಗೆ ಹಾಕಿದ್ದ ಮುತ್ತಿಗೆ ತೆರವಾಯಿತು, ಜುಲೈ 17ರಂದು ರ್‍ಯಾನ್ಸಿನಲ್ಲಿ, ಟ್ರ್ವಾ ಒಪ್ಪಂದ ಬದಿಗೊತ್ತಿದ್ದ ಹುಚ್ಚು ದೊರೆಯ ಮಗ ಏಳನೆಯ ಚಾರ್ಲ್ಸನಿಗೆ ಪಟ್ಟಾಭಿಷೇಕವಾಯಿತು. ಮರುವರ್ಷ ಬರ್ಗಂಡಿಯವರ ಕೈಗೆ ಸಿಕ್ಕಿದ ಅವಳನ್ನು ಇಂಗ್ಲಿಷರು 10,000 ಲೀವ್ರ್ (ಫ್ರಾನ್ಸಿನ ಹಣದ ಲೆಕ್ಕ) ಕೊಟ್ಟು ಕೊಂಡುಕೊಂಡರು, ಮತ್ತು 1431ರ ಮೇ 30ರಂದು ರುವಾನಿನಲ್ಲಿ ಜೀವಂತವಾಗಿ ಸುಟ್ಟರು. ಅವಳ ವಿಚಾರಣೆಯ ದಾಖಲೆಗಳು ಉಳಿದಿವೆ. ಅದರ ಒಂದು ಪ್ರಶ್ನೋತ್ತರವನ್ನಾದರೂ ಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ನೀನು ದೇವರ ಕೃಪೆಯಲ್ಲಿರುವೆಯಾ ಎಂದು ಕೇಳಿದರು. ಹೌದೆಂದರೆ ಅಹಂಕಾರ, ಇಲ್ಲವೆಂದರೆ ತಪ್ಪೊಪ್ಪಿಗೆ. ಇಲ್ಲದಿದ್ದರೆ ದೇವರು ನನ್ನನ್ನು ಅದರಲ್ಲಿ ಸೇರಿಸಲಿ, ಇದ್ದರೆ ಅದರಲ್ಲೇ ಉಳಿಸಲಿ ಎಂದಳು.

‘ಹಾಗಾದರೆ ಯುದ್ಧ ಗೆದ್ದವಳು ಜೋನ್ ತಾನೇ?’ ಎಂಬ ಪ್ರಶ್ನೆ ಬಂದಾಗ, ಅವಳು ಸತ್ತ ಮೇಲೆ ಇನ್ನೂ 22 ವರ್ಷ ಯುದ್ಧ ನಡೆಯಿತೆಂಬುದನ್ನು ನೆನಪಿಸಬೇಕು. ಅವಳು ದೊರೆಗೆ ಪಟ್ಟವನ್ನೂ ಜನರಿಗೆ ಎದೆಗಾರಿಕೆಯನ್ನೂ ತಂದುಕೊಟ್ಟಳು. ಉಳಿದದ್ದು ನಿಧಾನದ ಕೆಲಸ. 1435ರಲ್ಲಿ ಬರ್ಗಂಡಿ ಇಂಗ್ಲಿಷರನ್ನು ಬಿಟ್ಟು ಚಾರ್ಲ್ಸನೊಂದಿಗೆ ರಾಜಿಯಾಯಿತು, ಮರುವರ್ಷ ಪ್ಯಾರಿಸ್ ಅವನ ಕೈಸೇರಿತು. 1439ರ ನಂತರ ಅವನು ನೆಲದ ಕರವನ್ನು ಪ್ರತಿವರ್ಷ ಎತ್ತತೊಡಗಿದ, 1445ರಲ್ಲಿ ಅದೇ ಹಣದಿಂದ ಖಾಯಂ ಸೈನ್ಯ ಕಟ್ಟಿದ. ಇಂಗ್ಲೆಂಡಿನ ದೊರೆಯಾದರೋ ಪ್ರತಿ ದಂಡಯಾತ್ರೆಗೂ ಪಾರ್ಲಿಮೆಂಟಿನ ಮುಂದೆ ಕೈಯೊಡ್ಡಬೇಕಿತ್ತು, ಮತ್ತು ಸೋಲಿನ ಸುದ್ದಿ ಹೆಚ್ಚಿದಷ್ಟೂ ಅದರ ಕೈ ಬಿಗಿಯಾಗುತ್ತಿತ್ತು. 1450ರಲ್ಲಿ ಫೋರ್ಮಿನ್ಯಿ ಕಾಳಗದೊಂದಿಗೆ ನಾರ್ಮಂಡಿ ಹೋಯಿತು. 1453ರ ಜುಲೈ 17ರಂದು ಕ್ಯಾಸ್ಟಿಯೋನ್‌ನಲ್ಲಿ ಫ್ರೆಂಚರ ಫಿರಂಗಿಗಳ ಎದುರು ಮುದಿ ದಂಡನಾಯಕ ಜಾನ್ ಟಾಲ್ಬಟ್ ಸತ್ತ, ಅಕ್ಟೋಬರಿನಲ್ಲಿ ಬೋರ್ಡೋ ಶರಣಾಯಿತು. ಮೊದಲ ಸಭೆಯ ವಿವಾದದ ನೆಲ ಹೀಗೆ ತೀರ್ಮಾನವಾಯಿತು.

1453ರಲ್ಲಿ ಯಾವ ಶಾಂತಿ ಒಪ್ಪಂದಕ್ಕೂ ಸಹಿ ಬೀಳಲಿಲ್ಲ, ‘ನೂರು ವರ್ಷಗಳ ಯುದ್ಧ’ ಎಂಬ ಹೆಸರೂ 19ನೆಯ ಶತಮಾನದ್ದು. ಇವೆರಡನ್ನು ಪ್ರಶ್ನೋತ್ತರಕ್ಕೆ ಮುಂಚೆ ಹೇಳಿಬಿಟ್ಟರೆ ಅರ್ಧ ಪ್ರಶ್ನೆಗಳು ಕಡಿಮೆಯಾಗುತ್ತವೆ. ಸಮಯ ಉಳಿದರೆ 1475ರ ಪಿಕಿನ್ಯಿ ಒಪ್ಪಂದವನ್ನು ಸೇರಿಸಬಹುದು. ಇಂಗ್ಲೆಂಡಿನ ನಾಲ್ಕನೆಯ ಎಡ್ವರ್ಡ್ ಮತ್ತೆ ದಂಡೆತ್ತಿ ಬಂದಾಗ ಹನ್ನೊಂದನೆಯ ಲೂಯಿ 75,000 ಚಿನ್ನದ ನಾಣ್ಯಗಳನ್ನೂ ವರ್ಷಕ್ಕೆ 50,000ದ ಪಿಂಚಣಿಯನ್ನೂ ಕೊಟ್ಟು ಅವನನ್ನು ಮನೆಗೆ ಕಳುಹಿಸಿದ. ಕ್ಯಾಲೆ 1558ರವರೆಗೆ ಇಂಗ್ಲಿಷರಲ್ಲೇ ಉಳಿಯಿತು. 1455ರಲ್ಲಿ ಇಂಗ್ಲೆಂಡಿನ ಒಳಗೇ ಹೊತ್ತಿಕೊಂಡ ಗುಲಾಬಿಗಳ ಯುದ್ಧವನ್ನು ಈ ಸರಣಿಗೆ ಜೋಡಿಸದೆ, ಕೂಟಕ್ಕೆ ಇಷ್ಟವಿದ್ದರೆ ಬೇರೆಯೇ ಎರಡು ಸಭೆಗಳನ್ನು ಗೊತ್ತುಮಾಡುವುದು ಮೇಲು.